4 ಅಟ್ಮಾಸ್ಫಿಯರ್ ಹೀಲಿಯಂ-3 ಟ್ಯೂಬ್: ಎಣಿಕೆಗಿಂತ ಮೊದಲು ಸ್ಪೆಕ್ಟ್ರಮ್ ನೋಡಿ

1 ಇಂಚು ವ್ಯಾಸ, 4 ಅಟ್ಮಾಸ್ಫಿಯರ್ ಒತ್ತಡದ ಹೀಲಿಯಂ-3 ಪ್ರೊಪೋರ್ಷನಲ್ ಟ್ಯೂಬ್ (ಒಳಗಿನ ಅನಿಲದಲ್ಲಿ ಬಿಟ್ಟ ಶಕ್ತಿಗೆ ತಕ್ಕ ಗಾತ್ರದ ವಿದ್ಯುತ್ ಪಲ್ಸ್ ಕೊಡುವ ಕೊಳವೆ) ಥರ್ಮಲ್, ಅಂದರೆ ನಿಧಾನವಾಗಿ ಚಲಿಸುವ, ನ್ಯೂಟ್ರಾನ್ ಎಣಿಸುವವರಿಗೆ ಇಂದಿಗೂ ಮೊದಲ ಆಯ್ಕೆ. ಹೀಲಿಯಂ-3ರ ಥರ್ಮಲ್ ಅಡ್ಡಛೇದ (ನ್ಯೂಟ್ರಾನ್ ಹಿಡಿಯುವ ಸಾಧ್ಯತೆಯ ಅಳತೆ, ಏಕಮಾನ ಬಾರ್ನ್) ಸುಮಾರು 5,330 ಬಾರ್ನ್, ಪರ್ಯಾಯವಾದ ಬೋರಾನ್-10ರದ್ದು 3,840. ಬೋರಾನ್ ಟ್ರೈಫ್ಲೋರೈಡ್ ಟ್ಯೂಬಿನಲ್ಲಿ ಪಲ್ಸ್ ದೊಡ್ಡದು, ಗ್ಯಾಮಾ ಬೇರ್ಪಡಿಸುವುದು ಸುಲಭ. ಆದರೆ ಆ ಅನಿಲ ವಿಷಕಾರಿ, ವೋಲ್ಟೇಜೂ ಹೆಚ್ಚು ಬೇಕು. ಹೀಲಿಯಂ ಟ್ಯೂಬಿನ ದೊಡ್ಡ ಕೊರತೆ ಬೆಲೆ. ಟ್ರಿಟಿಯಂ (ವಿಕಿರಣಶೀಲ ಹೈಡ್ರೋಜನ್) 12.3 ವರ್ಷದ ಅರ್ಧಾಯುಷ್ಯದಲ್ಲಿ ಕ್ಷಯಿಸಿದಾಗ ಸಿಗುವ ಅನಿಲವಿದು, ಬೇಕೆಂದಷ್ಟು ಸಿಗದು.

ಟ್ಯೂಬ್ ಕೈಗೆ ಬಂದೊಡನೆ ಮಲ್ಟಿಚಾನೆಲ್ ಅನಲೈಸರಿಗೆ ಜೋಡಿಸಿ: ಪಲ್ಸುಗಳನ್ನು ಗಾತ್ರದ ಪ್ರಕಾರ ವಿಂಗಡಿಸಿ ಸ್ಪೆಕ್ಟ್ರಮ್ ಎಂಬ ನಕ್ಷೆ ತೋರಿಸುವ ಉಪಕರಣವಿದು. ನ್ಯೂಟ್ರಾನ್ ಸಿಕ್ಕಾಗ 573 ಕೆಇವಿ (ಸಾವಿರ ಎಲೆಕ್ಟ್ರಾನ್-ವೋಲ್ಟ್, ಶಕ್ತಿಯ ಏಕಮಾನ) ಪ್ರೋಟಾನ್, 191 ಕೆಇವಿ ಟ್ರೈಟಾನ್ (ಟ್ರಿಟಿಯಂ ನ್ಯೂಕ್ಲಿಯಸ್) ಹುಟ್ಟುತ್ತವೆ. ಎರಡೂ ಅನಿಲದಲ್ಲೇ ನಿಂತರೆ 764 ಕೆಇವಿಯಲ್ಲಿ ಶಿಖರ. ಎರಡರಲ್ಲೊಂದು ಟ್ಯೂಬಿನ ಗೋಡೆಗೆ ಬಡಿದರೆ ಅದರ ಶಕ್ತಿ ಅಲ್ಲೇ ಕಳೆದುಹೋಗುತ್ತದೆ. ಹಾಗಾಗಿ ಶಿಖರದ ಎಡಕ್ಕೆ 573 ಮತ್ತು 191ರಲ್ಲಿ ಮೆಟ್ಟಿಲು ಕಾಣಬೇಕು. 191ರ ಮೆಟ್ಟಿಲಿನ ಕೆಳಗೆ ಬರುವ ತಗ್ಗೇ ಈ ಟ್ಯೂಬಿನ ಪ್ರಾಣ: ಅದರಾಚೆ ಎಡಕ್ಕಿರುವುದು ಗ್ಯಾಮಾ ಮತ್ತು ವಿದ್ಯುತ್ ಗದ್ದಲ. ಥ್ರೆಶೋಲ್ಡ್ ಅನ್ನು (ಅದಕ್ಕಿಂತ ಚಿಕ್ಕ ಪಲ್ಸನ್ನು ಎಣಿಸದ ಮಿತಿ) ಆ ತಗ್ಗಿನಲ್ಲೇ ಇಡಿ. ತಗ್ಗು ತುಂಬಿಹೋಗಿದ್ದರೆ ಅಂಥ ಟ್ಯೂಬಿನ ಎಣಿಕೆಯನ್ನು ನಂಬಬೇಡಿ.

ಕಂಪನಿ ಬರೆದ ವೋಲ್ಟೇಜನ್ನು ಕಣ್ಣು ಮುಚ್ಚಿ ಒಪ್ಪಿಕೊಳ್ಳಬಾರದು. ನ್ಯೂಟ್ರಾನ್ ಮೂಲವನ್ನೂ ಟ್ಯೂಬನ್ನೂ ಅಲುಗಿಸದೆ ವೋಲ್ಟೇಜನ್ನು 25 ವೋಲ್ಟ್‌ನಂತೆ ಏರಿಸುತ್ತ, ಪ್ರತಿ ಹಂತದಲ್ಲೂ ಕನಿಷ್ಠ 10,000 ಎಣಿಕೆ ಬರುವವರೆಗೆ ಕಾಯಿರಿ. ಆಗ ಸಾಂಖ್ಯಿಕ ದೋಷ ಶೇ. 1. ಎಣಿಕೆ ಏರುವುದು ನಿಂತು ಸಮತಟ್ಟಾದ ಭಾಗದ ನಡುವೆ ಕೆಲಸ ಮಾಡಿ. ಸಮತಟ್ಟು ಬರುವ ಮೊದಲೇ ಎಣಿಕೆ ಜಿಗಿದರೆ ಕನೆಕ್ಟರ್ ಮೇಲೆ ಅನುಮಾನಪಡಿ. ತೇವ ಹಿಡಿದ ಇನ್ಸುಲೇಟರ್‌ನಲ್ಲಿ ಕರೆಂಟ್ ಸೋರಿ ಸುಳ್ಳು ಪಲ್ಸುಗಳು ಗುಂಪುಗುಂಪಾಗಿ ಬರುತ್ತವೆ. ವೋಲ್ಟೇಜ್ ಪೂರ್ತಿ ಇಳಿಸಿ, ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ ಒಣಗಿಸಿದರೆ ಬಹುಪಾಲು ಸರಿಹೋಗುತ್ತದೆ. ಪ್ರೀಆಂಪ್ (ಪಲ್ಸನ್ನು ಮೊದಲು ವರ್ಧಿಸುವ ಸರ್ಕ್ಯೂಟ್) ಟ್ಯೂಬಿಗೆ ಅಂಟಿಕೊಂಡಷ್ಟು ಹತ್ತಿರವಿರಲಿ. ಉದ್ದ ಕೇಬಲಿನ ಕೆಪ್ಯಾಸಿಟೆನ್ಸ್ ಗದ್ದಲ ಹೆಚ್ಚಿಸಿ ತಗ್ಗನ್ನು ಮುಚ್ಚುತ್ತದೆ. ಟ್ಯೂಬನ್ನು ಬೆರಳಿನಿಂದ ತಟ್ಟಿ ನೋಡಿ. ಎಣಿಕೆ ಏರಿದರೆ ಆನೋಡ್ ತಂತಿ ಅಲುಗುತ್ತಿದೆ, ಪಂಪು-ಮೋಟಾರುಗಳ ಪಕ್ಕ ಇಡಬೇಡಿ.

ವೇಗದ ನ್ಯೂಟ್ರಾನಿಗೆ ಬರಿ ಟ್ಯೂಬ್ ಹೆಚ್ಚುಕಡಿಮೆ ಕುರುಡು, 1 ಎಂಇವಿಯಲ್ಲಿ (1,000 ಕೆಇವಿ) ಅಡ್ಡಛೇದ 1 ಬಾರ್ನಿಗೂ ಕಡಿಮೆ. ವೇಗದ ನ್ಯೂಟ್ರಾನ್ ಸೂಸುವ ಕ್ಯಾಲಿಫೋರ್ನಿಯಂ-252 ಮೂಲವಾದರೆ, ಅವನ್ನು ನಿಧಾನಗೊಳಿಸಲು ಟ್ಯೂಬಿಗೆ 5 ಸೆಂ.ಮೀ. ಪಾಲಿಎಥಿಲಿನ್ ಸುತ್ತಿ ಆರಂಭಿಸಿ, 1 ಸೆಂ.ಮೀ. ಹಲಗೆ ಸೇರಿಸುತ್ತ ಎಣಿಕೆ ಗರಿಷ್ಠವಾಗುವ ದಪ್ಪ ಹುಡುಕಿ. ಥರ್ಮಲ್ ಪಾಲು ತಿಳಿಯಬೇಕಾದರೆ ಥರ್ಮಲ್ ನ್ಯೂಟ್ರಾನುಗಳನ್ನು ಹೀರುವ 1 ಮಿ.ಮೀ. ಕ್ಯಾಡ್ಮಿಯಂ ಹೊದಿಸಿ ಒಮ್ಮೆ, ಹೊದಿಸದೆ ಒಮ್ಮೆ ಅಳೆದು ಕಳೆಯಿರಿ, ಸುಮಾರು 0.5 ಇವಿಗಿಂತ ಕೆಳಗಿನ ನ್ಯೂಟ್ರಾನುಗಳು ಆ ವ್ಯತ್ಯಾಸದಲ್ಲಿವೆ. ಕ್ಯಾಡ್ಮಿಯಂ ತಗಡನ್ನು ಅರದಿಂದ ಉಜ್ಜಬೇಡಿ, ಆ ಧೂಳು ವಿಷ.

ಗ್ಯಾಮಾ ತೀವ್ರವಿರುವ ಕಡೆ ಇದು ತಡವರಿಸುತ್ತದೆ. ಚಿಕ್ಕ ಗ್ಯಾಮಾ ಪಲ್ಸುಗಳು ಒಂದರ ಮೇಲೊಂದು ಕೂಡಿ ಥ್ರೆಶೋಲ್ಡ್ ದಾಟುತ್ತವೆ. ಶೇಪಿಂಗ್ ಸಮಯ (ಆಂಪ್ಲಿಫೈಯರ್ ಪ್ರತಿ ಪಲ್ಸಿಗೆ ಕೊಡುವ ಅಗಲ) ಇಳಿಸಿ, ಥ್ರೆಶೋಲ್ಡ್ ಏರಿಸಿದರೆ ಒಂದಿಷ್ಟು ಸುಧಾರಿಸುತ್ತದೆ, ದಕ್ಷತೆಯನ್ನು ಮತ್ತೆ ಅಳೆಯಬೇಕಾಗುತ್ತದೆ ಅಷ್ಟೆ. ಕೊಳ್ಳುವಾಗ ಕ್ವೆಂಚ್ ಅನಿಲ (ಪಲ್ಸ್ ಹತೋಟಿಯಲ್ಲಿರಲು ಹೀಲಿಯಂಗೆ ಬೆರೆಸುವ ಅನಿಲ) ಯಾವುದೆಂದು ಕೇಳಿ: ಕಾರ್ಬನ್ ಟೆಟ್ರಾಫ್ಲೋರೈಡ್ ಬೆರೆತಿದ್ದರೆ ಪ್ರೋಟಾನಿನ ಓಟ ಮೊಟಕಾಗಿ ಮೆಟ್ಟಿಲುಗಳು ತಗ್ಗುತ್ತವೆ, ಆದರೆ ಗ್ಯಾಮಾ ಸಂವೇದನೆ ಏರುತ್ತದೆ. ಆ ನಿರ್ದಿಷ್ಟ ಟ್ಯೂಬಿನದೇ ಸ್ಪೆಕ್ಟ್ರಮ್ ಕಳಿಸದ ಮಾರಾಟಗಾರರಿಂದ ಕೊಳ್ಳಬೇಡಿ.