ಮೇವು ಕೊಯ್ಯುವ ಯಂತ್ರ: ಸಣ್ಣ ಹಿಡುವಳಿಯಲ್ಲಿ ಯಾವುದು ತಾಳುತ್ತದೆ?

ಅಂಗಡಿಗೆ ಹೋದರೆ ಮೊದಲು ಕಿವಿಗೆ ಬೀಳುವುದು ಎಂಜಿನ್ನಿನ ಎಚ್‌ಪಿ. ಆದರೆ ಹುಲ್ಲು ಕೊಯ್ಯುವ ಯಂತ್ರಗಳಲ್ಲಿ ಎಂಜಿನ್ ಕೈಕೊಡುವುದು ಕಡಿಮೆ. ಕೈಕೊಡುವುದು ಬ್ಲೇಡು, ಬ್ಲೇಡನ್ನು ಆಡಿಸುವ ಕೀಲು, ಬೆಲ್ಟು. ಅದಕ್ಕೂ ಮೊದಲು ಕೈಕೊಡುವುದು ಕೊಳ್ಳುವವರ ಲೆಕ್ಕ.

ಆ ಲೆಕ್ಕ ಹೀಗೆ. ಹಾಲು ಕರೆಯುವ ಮಿಶ್ರತಳಿ ಹಸುವಿಗೆ ದಿನಕ್ಕೆ 25–30 ಕಿಲೋ ಹಸಿಮೇವು ಬೇಕು. ಐದು ಹಸುಗಳಿದ್ದರೆ ಸುಮಾರು 150 ಕಿಲೋ. ನೀರು, ಗೊಬ್ಬರ ಚೆನ್ನಾಗಿ ಸಿಕ್ಕ ಸಿಒ-4 ಅಥವಾ ಸಿಒ-5 ತಳಿಯ ನೇಪಿಯರ್ ಹುಲ್ಲು ಒಂದು ಕೊಯ್ಲಿಗೆ ಚದರ ಮೀಟರಿಗೆ ನಾಲ್ಕೈದು ಕಿಲೋ ಕೊಡುತ್ತದೆ. ಅಲ್ಲಿಗೆ ದಿನವೂ ಕೊಯ್ಯಬೇಕಾದದ್ದು 30–40 ಚದರ ಮೀಟರ್, ಅಂದರೆ ಒಂದು ದೊಡ್ಡ ಕೊಟ್ಟಿಗೆಯಷ್ಟು ಜಾಗ. ಇಷ್ಟಕ್ಕೆ ಹಿಂದೆ ನಡೆದು ಓಡಿಸುವ ಗಾಲಿ ಯಂತ್ರ ತಂದರೆ ಅದನ್ನು ಶೆಡ್ಡಿನಿಂದ ಹೊಲಕ್ಕೆ ತಳ್ಳಿಕೊಂಡು ಹೋಗುವ ಹೊತ್ತೇ ಕೊಯ್ಯುವ ಹೊತ್ತಿಗಿಂತ ಹೆಚ್ಚಾಗುತ್ತದೆ. ಒಣಗಿಸಿ ಕೂಡಿಡುವ ಮೇವಿನ ಕಥೆ ಬೇರೆ. ರೋಡ್ಸ್ ಹುಲ್ಲು, ಕುದುರೆ ಮಸಾಲೆ (ಲೂಸರ್ನ್), ಬಹುಕಟಾವು ಜೋಳ ಇವನ್ನು ಬಿಸಿಲು ನೋಡಿಕೊಂಡು ಒಂದೇ ದಿನ ಅರ್ಧವೋ ಒಂದೋ ಎಕರೆ ಕೆಡವಬೇಕು. ಗಾಲಿ ಯಂತ್ರದ ಬೆಲೆ ದಕ್ಕುವುದು ಅಲ್ಲಿ.

ಇನ್ನೊಂದನ್ನು ಮರೆಯುವವರೇ ಹೆಚ್ಚು: ಹೊಲದ ಸಾಲು. ನೇಪಿಯರನ್ನು ನಮ್ಮಲ್ಲಿ ಬೋದಿನ ಮೇಲೆ ನೆಡುತ್ತಾರೆ, ಪಕ್ಕದಲ್ಲಿ ನೀರಿನ ಕಾಲುವೆ. ಗಾಲಿ ಕಾಲುವೆಗಿಳಿದರೆ ಬ್ಲೇಡು ಬೋದಿನ ಮಣ್ಣಿಗೆ ಬಡಿಯುತ್ತದೆ. ಒಣಮೇವಿಗೆಂದು ಯಂತ್ರ ಕೊಳ್ಳುವವರು ಆ ತಾಕನ್ನು ಬಿತ್ತುವ ಮುಂಚೆಯೇ ಸಮ ಮಾಡಿ, ಕಲ್ಲು ಆಯ್ದು, ಸ್ಪ್ರಿಂಕ್ಲರ್ ನೀರಾವರಿಗೆ ಬದಲಾಗಿರಬೇಕು. ಇಲ್ಲದಿದ್ದರೆ ಯಾವ ಕಂಪನಿಯ ಯಂತ್ರವೂ ಉಳಿಯುವುದಿಲ್ಲ.

ಬ್ರಷ್ ಕಟ್ಟರ್

ಹೆಗಲಿಗೆ ತೂಗುಹಾಕಿಕೊಂಡು ಬೀಸುವ, ಉದ್ದ ಕೋಲಿನ ತುದಿಯಲ್ಲಿ ಬ್ಲೇಡು ಸುತ್ತುವ ಯಂತ್ರ. ದಿನದ ಹಸಿಮೇವಿಗೆ ಇದು ಸಾಕು. ಎರಡು ಬಗೆ: ಎಣ್ಣೆ ಬೆರೆಸಿದ ಪೆಟ್ರೋಲಿನ ಟು-ಸ್ಟ್ರೋಕ್, ಎಣ್ಣೆ ಬೇರೆಯಾಗಿ ಹಾಕುವ ಫೋರ್-ಸ್ಟ್ರೋಕ್. ಸ್ಟಿಲ್ ಕಂಪನಿಯ ಎಫ್‌ಎಸ್ 250 ಮೊದಲ ಬಗೆ, 40.2 ಸಿಸಿ. ಹೋಂಡಾದ ಯುಎಂಕೆ 435 ಎರಡನೆಯದು, ಅದರ ಜಿಎಕ್ಸ್ 35 ಎಂಜಿನ್ 35.8 ಸಿಸಿ. ನೇಪಿಯರ್ ದಂಟು ಬಲಿತಿದ್ದರೆ ಸ್ಟಿಲ್‌ನ ಎಳೆತ ಮೇಲು. ಆಳುಗಳ ಕೈಗೆ ಕೊಡುವುದಾದರೆ ಹೋಂಡಾ ವಾಸಿ. ಕಾರಣ, ಟು-ಸ್ಟ್ರೋಕಿನಲ್ಲಿ 50ಕ್ಕೆ 1ರ ಮಿಶ್ರಣ, ಅಂದರೆ ಲೀಟರಿಗೆ 20 ಎಂಎಲ್ ಟು-ಟಿ ಎಣ್ಣೆ. ಒಂದು ದಿನ ಮರೆತು ಬರೀ ಪೆಟ್ರೋಲ್ ಸುರಿದರೂ ಪಿಸ್ಟನ್ ಗೀಚಿಕೊಂಡು ಎಂಜಿನ್ ಹಿಡಿದುಬಿಡುತ್ತದೆ. ಹಾಗೆಂದು ಹೋಂಡಾವನ್ನೂ ನಿರ್ಲಕ್ಷಿಸುವಂತಿಲ್ಲ. ಅದರ ಹೊಟ್ಟೆಯಲ್ಲಿರುವುದು ಕೇವಲ 100 ಎಂಎಲ್ ಎಣ್ಣೆ. ಮೊದಲ ಬಾರಿ 10 ಗಂಟೆಗೆ, ಆಮೇಲೆ ಪ್ರತಿ 50 ಗಂಟೆಗೆ ಬದಲಿಸಬೇಕು.

ಮೇವಿಗೆ ನೈಲಾನ್ ದಾರ ಬೇಡ. ಅದು ಕೊಯ್ಯುವುದಿಲ್ಲ, ಜಜ್ಜಿ ಚೆಲ್ಲಾಡುತ್ತದೆ. ಮಣ್ಣೂ ಸೇರಿ ಹಸು ಮೂಸಿ ಬಿಟ್ಟುಬಿಡುತ್ತದೆ. ಎಳೆ ಹುಲ್ಲಿಗೆ ಮೂರು ಅಲಗಿನ ಬ್ಲೇಡು, ಬಲಿತ ದಂಟಿಗೆ ಗರಗಸದಂಥ ಹಲ್ಲಿನ ಬ್ಲೇಡು. ಹಿಡಿದವರ ಕಡೆಯಿಂದ ನೋಡಿದರೆ ಬ್ಲೇಡು ಎಡಕ್ಕೆ ಸುತ್ತುತ್ತದೆ. ಆದ್ದರಿಂದ ಬಲದಿಂದ ಎಡಕ್ಕೆ ಬೀಸಿದರೆ ಹುಲ್ಲು ಎಡಗಡೆ ಸಾಲಾಗಿ ಮಲಗುತ್ತದೆ. ಬ್ಲೇಡಿನ ಬಲ ಮುಂಭಾಗ ಕಲ್ಲಿಗೋ ದಪ್ಪ ಕೂಳೆಗೋ ತಾಗಿದರೆ ಯಂತ್ರ ಒದೆಯುತ್ತದೆ. ಬ್ಲೇಡಿನ ನಟ್ಟಿನ ಥ್ರೆಡ್ ಉಲ್ಟಾ, ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತದೆ. ಇದು ತಿಳಿಯದೆ ಶಾಫ್ಟ್ ಮುರಿದುಕೊಂಡವರಿದ್ದಾರೆ. ಗೇರ್ ತಲೆಗೆ 20–25 ಗಂಟೆಗೊಮ್ಮೆ ಗ್ರೀಸ್ ಹಾಕಬೇಕು, ಹೆಚ್ಚಿನವರು ಹಾಕುವುದೇ ಇಲ್ಲ. ನೇಪಿಯರ್ ಬುಡವನ್ನು ನೆಲದಿಂದ 10–15 ಸೆಂ.ಮೀ. ಬಿಟ್ಟೇ ಕೊಯ್ಯಿರಿ. ನೆಲಕ್ಕಂಟಿಸಿ ಕೊಯ್ದರೆ ತೆಂಡೆ (ಬುಡದ ಮರಿಗಳು) ಒಡೆಯುವುದು ಕಡಿಮೆಯಾಗಿ ಮುಂದಿನ ಕೊಯ್ಲು ತಡವಾಗುತ್ತದೆ.

ಕತ್ತರಿ ಬ್ಲೇಡಿನ ಗಾಲಿ ಯಂತ್ರ

ಒಂದರಿಂದ ಮೂರು ಎಕರೆವರೆಗೆ ಒಣಮೇವು ಮಾಡುವವರಿಗೆ ನಮ್ಮ ಆಯ್ಕೆ ಇದೇ. ಎಂಜಿನ್ ಹಿಂದೆ, ಮುಂದೆ ಸುಮಾರು ಒಂದು ಮೀಟರಿನ ಪಟ್ಟಿ. ಪಟ್ಟಿಯ ಮೇಲೆ ತ್ರಿಕೋನದ ಹಲ್ಲುಗಳು ಅತ್ತಿತ್ತ ಆಡುತ್ತ, ಕೆಳಗೆ ಅಲ್ಲಾಡದೆ ನಿಂತ ಲೋಹದ ಬೆರಳುಗಳ ಅಂಚಿಗೆ ಹುಲ್ಲನ್ನು ಒತ್ತಿ ಕತ್ತರಿಯಂತೆ ಕೊಯ್ಯುತ್ತವೆ. ಗಂಟೆಗೆ 3 ಕಿ.ಮೀ. ನಡಿಗೆಯಲ್ಲಿ, ತಿರುವುಗಳ ಹೊತ್ತು ಕಳೆದರೂ, ಗಂಟೆಗೆ ಅರ್ಧ ಎಕರೆ ಮುಗಿಯುತ್ತದೆ. ಹುಲ್ಲು ಜಜ್ಜದೆ ಬುಡದಲ್ಲಿ ನೀಟಾಗಿ ಕಡಿದು, ಇದ್ದಲ್ಲೇ ತೆಳುವಾಗಿ ಹಾಸಿಕೊಂಡು ಬೀಳುತ್ತದೆ. ಹೀಗಾಗಿ ಬೇಗ ಒಣಗುತ್ತದೆ. ಕುದುರೆ ಮಸಾಲೆಯಲ್ಲಿ ಸಾರವೆಲ್ಲ ಎಲೆಯಲ್ಲಿ, ಆ ಎಲೆ ಉದುರುವುದು ಹೆಚ್ಚು ತಿರುವಿಹಾಕಿದಾಗ. ಕಡಿಮೆ ತಿರುವಿದಷ್ಟೂ ಲಾಭ.

ಇಟಲಿಯ ಬಿಸಿಎಸ್ ಕಂಪನಿ ಹುಟ್ಟಿದ್ದೇ 1943ರಲ್ಲಿ ಇಂಥ ಯಂತ್ರದಿಂದ. ಭಾರತದಲ್ಲಿ ಅದರ ಕಾರ್ಖಾನೆ ಲುಧಿಯಾನದಲ್ಲಿದೆ. ಯಂತ್ರ ಗಟ್ಟಿ, ಬೆಲೆಯೂ ಗಟ್ಟಿ. ಅಗ್ಗದ ಆಮದು ಯಂತ್ರಗಳೂ ಸಿಗುತ್ತವೆ. ಅವುಗಳ ಮುಂದೆ ನಿಂತಾಗ ಕೇಳಬೇಕಾದದ್ದು ಒಂದೇ: ಹಲ್ಲಿನ ಅಗಲ ಎಷ್ಟು? 76 ಮಿ.ಮೀ., ಅಂದರೆ ಮೂರು ಇಂಚು ಎಂದರೆ ಎಲ್ಲೆಡೆ ನಡೆಯುವ ಅಳತೆ. ಬೇರೆ ಕಡೆಯ ಹಲ್ಲನ್ನೂ ರಿವೆಟ್ ತೂತು ಹೊಂದಿಸಿ ಹಾಕಿಸಬಹುದು. ಅಳತೆ ಬೇರೆಯಾದರೆ ಎರಡನೇ ವರ್ಷ ಯಂತ್ರ ಮೂಲೆ ಸೇರುತ್ತದೆ.

ಅಂಗಡಿಯಲ್ಲೇ ಪರೀಕ್ಷಿಸಿ. ಪ್ಲಗ್ಗಿನ ವೈರು ಕಿತ್ತು, ದಪ್ಪ ಕೈಗವಸು ಹಾಕಿ, ಬ್ಲೇಡು ಪಟ್ಟಿಯನ್ನು ಆಚೀಚೆ ಎಳೆಯಿರಿ. ಎಲ್ಲೂ ಸಿಕ್ಕಿಕೊಳ್ಳದೆ ಜಾರಬೇಕು. ಎರಡೂ ತುದಿಗೆ ಬಂದಾಗ ಪ್ರತಿ ಹಲ್ಲಿನ ನಡುಭಾಗ ಒಂದು ಬೆರಳಿನ ನಡುಭಾಗಕ್ಕೆ ಸರಿಯಾಗಿ ಕೂರಬೇಕು. ಹಾಗಾಗದಿದ್ದರೆ ಅರ್ಧ ಹುಲ್ಲು ಕೊಯ್ಯದೆ ಬಾಗಿ ಎದ್ದು ನಿಲ್ಲುತ್ತದೆ, ಹೊಲದಲ್ಲಿ ಗೆರೆ ಗೆರೆಯಾಗಿ ಮೀಸೆ ಉಳಿಯುತ್ತದೆ. ಆಮೇಲೆ ಹಲ್ಲಿನ ಮೊನೆ ಕೆಳಗಿನ ಅಂಚಿಗೆ ತಾಗಿಕೊಂಡಿದೆಯೇ ನೋಡಿ. ಮೊನೆ ಮೇಲೆದ್ದಿದ್ದರೆ ಹುಲ್ಲು ನಡುವೆ ನುಗ್ಗಿ ಮಡಚಿಕೊಳ್ಳುತ್ತದೆ, ಪಟ್ಟಿ ಕಟ್ಟಿಕೊಳ್ಳುತ್ತದೆ. ಮೇಲಿಂದ ಒತ್ತಿಹಿಡಿಯುವ ಕ್ಲಿಪ್ಪನ್ನು ಸುತ್ತಿಗೆಯಿಂದ ಹಗುರವಾಗಿ ತಟ್ಟಿ ಇಳಿಸಿದರೆ ಸರಿಯಾಗುತ್ತದೆ. ಜೋರಾಗಿ ತಟ್ಟಿದರೆ ಪಟ್ಟಿ ಬಿಗಿದು ಬಿಸಿಯಾಗುತ್ತದೆ. ಕೊನೆಗೆ ಬ್ಲೇಡಿನ ತಲೆ ಮತ್ತು ಅದನ್ನು ಆಡಿಸುವ ಕೀಲು ಸೇರುವಲ್ಲಿ ಕೈಯಿಟ್ಟು ಅಲ್ಲಾಡಿಸಿ. ಹೊಸ ಯಂತ್ರದಲ್ಲೇ ಟಕ್ ಟಕ್ ಎಂದರೆ ತರಬೇಡಿ. ನಿಮಿಷಕ್ಕೆ ನೂರಾರು ಸಲ ದಿಕ್ಕು ಬದಲಿಸುವ ಪಟ್ಟಿ ಅದು, ಅಲ್ಲಿಯ ಚಿಕ್ಕ ಸಡಿಲು ವಾರಗಳಲ್ಲಿ ತಲೆಯನ್ನೇ ಮುರಿಯುತ್ತದೆ.

ನಯವಾದ ಅಂಚಿನ ಹಲ್ಲು ಹಸಿರು ಹುಲ್ಲಿಗೆ, ಕುದುರೆ ಮಸಾಲೆಗೆ. ಗರಗಸದ ಅಂಚಿನದು ಜೋಳದ ದಂಟಿಗೆ. ಇದನ್ನು ಸಾಣೆ ಹಿಡಿಯುವಂತಿಲ್ಲ, ಸವೆದರೆ ಬದಲಿಸಬೇಕು. ನಯವಾದುದನ್ನು ಮೊದಲಿದ್ದ ಇಳಿಜಾರಿನಲ್ಲೇ ಅರದಿಂದ ಅಥವಾ ಗ್ರೈಂಡರಿನಿಂದ ಹರಿತ ಮಾಡಬಹುದು. ಬಿಸಿಗೆ ಅಂಚು ನೀಲಿಗಟ್ಟಿದರೆ ಉಕ್ಕಿನ ಹದ ಹೋಯಿತೆಂದೇ ಲೆಕ್ಕ, ಮರುದಿನವೇ ಮೊಂಡಾಗುತ್ತದೆ. ಮುರಿದ ಹಲ್ಲು ತೆಗೆಯಲು ರಿವೆಟ್ಟನ್ನು ಡ್ರಿಲ್ ಮಾಡುತ್ತ ಕೂರಬೇಡಿ. ಪಟ್ಟಿಯನ್ನು ವೈಸಿನಲ್ಲಿ ಬಿಗಿದು, ಹಲ್ಲಿನ ಹಿಂಬದಿ ಅಂಚಿಗೆ ಒಂದೆರಡು ಬಲವಾದ ಪೆಟ್ಟು ಕೊಟ್ಟರೆ ರಿವೆಟ್ ಕಡಿದು ಹಲ್ಲು ಉದುರುತ್ತದೆ.

ಹೊಲದಲ್ಲಿ ಯಂತ್ರ ಪದೇಪದೇ ಕಟ್ಟಿಕೊಂಡರೆ ಕಾರಣಗಳನ್ನು ಈ ಕ್ರಮದಲ್ಲಿ ಹುಡುಕಿ: ಮೊಂಡು ಹಲ್ಲು, ಸಡಿಲ ಬೆಲ್ಟು, ಇಬ್ಬನಿ ಆರದ ಹುಲ್ಲು, ಮಲಗಿದ ಬೆಳೆ. ಮಲಗಿದ ಬೆಳೆಯನ್ನು ಅದು ಬಾಗಿದ ದಿಕ್ಕಿಗೆ ಎದುರಾಗಿ ಕೊಯ್ಯಬೇಕು. ಗೆದ್ದಲು ಹುತ್ತದ ಮಣ್ಣನ್ನು ಕೊಯ್ಲಿನ ಹಿಂದಿನ ದಿನವೇ ಗುದ್ದಲಿಯಿಂದ ಸಮ ಮಾಡಿ. ಕಟ್ಟಿಕೊಂಡ ಹುಲ್ಲನ್ನು ಬಿಡಿಸುವಾಗ ಎಂಜಿನ್ ಆರಿಸಲೇಬೇಕು. ಕೈಬೆರಳು ಹೋಗುವುದು ಆಗಲೇ.

ಡ್ರಮ್ ಮೋವರ್

ಟ್ರ್ಯಾಕ್ಟರಿನ ಪಿಟಿಒಗೆ, ಅಂದರೆ ಎಂಜಿನ್ನಿನ ಶಕ್ತಿಯನ್ನು ಹೊರಗಿನ ಯಂತ್ರಕ್ಕೆ ಕೊಡುವ ಸುತ್ತುವ ದಂಡಕ್ಕೆ, ಜೋಡಿಸುವ ಎರಡು ಡ್ರಮ್ಮಿನ ಯಂತ್ರ. ಡ್ರಮ್ಮುಗಳ ಬುಡದಲ್ಲಿ ಬ್ಲೇಡುಗಳು ಸುತ್ತುತ್ತವೆ. 1.35 ಮೀಟರಿನದು ಗಂಟೆಗೆ ಎರಡು ಎಕರೆಯ ಹತ್ತಿರ ಕೊಯ್ಯುತ್ತದೆ, ದಟ್ಟ ಬೆಳೆಯಲ್ಲೂ ಕಟ್ಟಿಕೊಳ್ಳುವುದಿಲ್ಲ. ಕೆಲಸದಲ್ಲಿ ಇದಕ್ಕೆ ಸಾಟಿಯಿಲ್ಲ. ಆದರೆ ಹುಲ್ಲನ್ನು ಇಕ್ಕಟ್ಟಾದ ಸಾಲಾಗಿ ಬಿಡುವುದರಿಂದ ಹರಡಲೇಬೇಕು, ಕಲ್ಲಿದ್ದರೆ ಗುಂಡಿನಂತೆ ಸಿಡಿಯುತ್ತದೆ. ಸುತ್ತಲಿನ ದಪ್ಪ ಪರದೆ ಹರಿದ ಹಳೆಯ ಯಂತ್ರವನ್ನು ಅಗ್ಗಕ್ಕೆ ಸಿಕ್ಕಿತೆಂದು ತರಬೇಡಿ. ಒಂದು ಬ್ಲೇಡು ಮುರಿದರೂ ಆ ಡ್ರಮ್ಮಿನ ಎಲ್ಲ ಬ್ಲೇಡುಗಳನ್ನು ಒಟ್ಟಿಗೆ ಬದಲಿಸಬೇಕು, ಇಲ್ಲವಾದರೆ ತೂಕ ತಪ್ಪಿ ಬೇರಿಂಗ್ ಹೋಗುತ್ತದೆ. ಐದು ಎಕರೆಗಿಂತ ಕಡಿಮೆ ಮೇವಿದ್ದವರು ಇದನ್ನು ಬಾಡಿಗೆಗೆ ಕರೆಸುವುದೇ ಮೇಲು.

ಕೊಳ್ಳುವ ದಿನ

ಕೃಷಿ ಇಲಾಖೆಯ ಯಾಂತ್ರೀಕರಣ ಯೋಜನೆಯ ಸಹಾಯಧನಕ್ಕೆ ರೈತ ಸಂಪರ್ಕ ಕೇಂದ್ರದಲ್ಲಿ ಅರ್ಜಿ. ಇಲಾಖೆಯ ಪಟ್ಟಿಯಲ್ಲಿರುವ ಮಾದರಿಗೆ ಮಾತ್ರ ಸಿಗುತ್ತದೆ, ಹಣ ಕಟ್ಟಿದ ಮೇಲೆ ಕೇಳಿದರೆ ಸಿಗುವುದಿಲ್ಲ. ಆದರೆ ಸಹಾಯಧನವಿದೆ ಎಂದೇ ಮಾದರಿ ಆರಿಸಬೇಡಿ. ಕತ್ತರಿ ಬ್ಲೇಡಿನ ಯಂತ್ರಕ್ಕೆ ಒಂದು ಪೂರ್ತಿ ಬ್ಲೇಡು ಪಟ್ಟಿ, ಹತ್ತು ಹಲ್ಲು, ರಿವೆಟ್, ಎರಡು ಬೆರಳು, ಒಂದು ಬೆಲ್ಟು ಇಷ್ಟನ್ನು ಯಂತ್ರದ ಬಿಲ್ಲಿನಲ್ಲೇ ಸೇರಿಸಿ ಕೊಡಿ ಎನ್ನಿ. ಅಂಗಡಿಯವರು ಒಳಗಿನಿಂದ ತಂದು ಮೇಜಿನ ಮೇಲಿಟ್ಟರೆ ಮಾತು ಮುಂದುವರಿಸಿ. ತರಿಸಿಕೊಡುತ್ತೇವೆ ಎಂದರೆ, ಮಳೆ ಬಿಟ್ಟ ಮೂರು ದಿನದ ಬಿಸಿಲಿನಲ್ಲಿ ಹುಲ್ಲು ಕೆಡವಬೇಕಾದಾಗಲೂ ಅವರು ಅದನ್ನೇ ಹೇಳುತ್ತಾರೆ.