ಕ್ಯಾನರಿ ವಾರ್ಫ್‌ನಲ್ಲಿ ಓಡಾಟ: ವರ್ಷಗಟ್ಟಲೆ ಬಳಸಿದ ಮೇಲೆ ಬರೆದ ವಿಮರ್ಶೆ

ಲಂಡನ್ನಿನ ಪೂರ್ವಕ್ಕೆ, ಥೇಮ್ಸ್ ನದಿ ದೊಡ್ಡದಾಗಿ ಬಳಸಿಕೊಂಡು ಹರಿಯುವ ಕಡೆ, ಕ್ಯಾನರಿ ವಾರ್ಫ್ ಇದೆ. ಬ್ಯಾಂಕುಗಳು, ಗಾಜಿನ ಗೋಪುರಗಳು, ಕೋಟು ಹಾಕಿಕೊಂಡು ಅವಸರದಲ್ಲಿ ನಡೆಯುವ ಜನ. ನನ್ನ ಆಫೀಸು ಹಲವು ವರ್ಷಗಳಿಂದ ಇಲ್ಲೇ. ಊರಿಂದ ಬರುವ ನೆಂಟರು, ಇಂಟರ್‌ವ್ಯೂಗೆ ಬರುವ ಹುಡುಗರು, ಸುಮ್ನೆ ಒಂದು ಭಾನುವಾರ ನೋಡಿಕೊಂಡು ಹೋಗೋಣ ಅನ್ನುವ ಸ್ನೇಹಿತರು, ಎಲ್ಲರೂ ನನ್ನನ್ನು ಕೇಳುವುದು ಒಂದೇ: ಅಲ್ಲಿಗೆ ಬರೋದು ಹೇಗೆ, ಬಂದ ಮೇಲೆ ಓಡಾಡೋದು ಹೇಗೆ?

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಇಲ್ಲಿಗೆ ತಲುಪುವುದು ಬಹಳ ಸುಲಭ. ತಲುಪಿದ ಮೇಲೆ ಸರಿಯಾದ ಬಾಗಿಲು ಹುಡುಕುವುದು ಕಷ್ಟ. ರೈಲುಗಳಿಗೆ ಹತ್ತಕ್ಕೆ ಒಂಬತ್ತು ಕೊಡುತ್ತೇನೆ. ದಾರಿ ತೋರಿಸುವ ಬೋರ್ಡುಗಳಿಗೆ ಐದಕ್ಕಿಂತ ಜಾಸ್ತಿ ಕೊಡಲು ಮನಸ್ಸು ಬರುವುದಿಲ್ಲ.

ರೈಲು ಇಲ್ಲಿ ಯಾಕೆ ಇಷ್ಟು ಮುಖ್ಯ ಅಂತ ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. 1802ರಲ್ಲಿ ಇಲ್ಲಿ ವೆಸ್ಟ್ ಇಂಡಿಯಾ ಡಾಕ್ಸ್ ಅನ್ನುವ ಹಡಗುಕಟ್ಟೆಗಳು ಶುರುವಾದವು. ಸಕ್ಕರೆ, ರಮ್ ಇಳಿಯುತ್ತಿದ್ದ ಜಾಗ. 1980ರಲ್ಲಿ ಬಾಗಿಲು ಮುಚ್ಚಿತು. 1987ರಲ್ಲಿ ಡಿಎಲ್‌ಆರ್, ಅಂದರೆ ಡಾಕ್‌ಲ್ಯಾಂಡ್ಸ್ ಲೈಟ್ ರೈಲ್ವೆ ಬಂತು. 1991ರಲ್ಲಿ 235 ಮೀಟರ್ ಎತ್ತರದ ಒನ್ ಕೆನಡಾ ಸ್ಕ್ವೇರ್ ಎದ್ದು ನಿಂತಿತು. ಕಟ್ಟಡ ಸಿದ್ಧವಾಯಿತು, ಆದರೆ ಸಾವಿರಾರು ಜನರನ್ನು ತಂದು ಬಿಡುವಷ್ಟು ರೈಲು ಇರಲಿಲ್ಲ. ಬಾಡಿಗೆಗೆ ಬರುವವರೂ ಸಾಕಷ್ಟು ಸಿಗಲಿಲ್ಲ. ಕಟ್ಟಿಸಿದ ಕಂಪನಿ 1992ರಲ್ಲಿ ದಿವಾಳಿಯಾಯಿತು. ಜುಬಿಲಿ ಲೈನ್ ಬಂದಿದ್ದು 1999ರಲ್ಲಿ, ಎಲಿಜಬೆತ್ ಲೈನ್ ಬಂದಿದ್ದು 2022ರ ಮೇ 24ರಂದು. ಇಲ್ಲಿನ ಶ್ರೀಮಂತಿಕೆ ಪೂರ್ತಿ ಹಳಿಯ ಮೇಲೆ ನಿಂತಿದೆ ಅಂದರೆ ತಪ್ಪಿಲ್ಲ.

ಈಗ ಆ ಮೂರು ರೈಲುಗಳ ವಿಷಯ.

ಮೊದಲ ಸಲ ಬರುವವರಿಗೆ ನಾನು ಹೇಳುವುದು ಡಿಎಲ್‌ಆರ್. ಬ್ಯಾಂಕ್ ಸ್ಟೇಷನ್‌ನಲ್ಲಿ ಹತ್ತಿ. ಇದರಲ್ಲಿ ಡ್ರೈವರ್ ಇಲ್ಲ, ಆದ್ದರಿಂದ ಎಲ್ಲಕ್ಕಿಂತ ಮುಂದಿನ ಸೀಟಿನಲ್ಲಿ ನೀವೇ ಕೂರಬಹುದು. ಸ್ವಲ್ಪ ಹೊತ್ತು ಸುರಂಗ, ಆಮೇಲೆ ರೈಲು ಮೇಲಕ್ಕೆ ಬಂದು ಮನೆಗಳ ಮಾಡಿನ ಮಟ್ಟದಲ್ಲಿ ಓಡುತ್ತದೆ. ಲೈಮ್‌ಹೌಸ್ ದಾಟುತ್ತಿದ್ದ ಹಾಗೆ ಎದುರಿಗೆ ಗೋಪುರಗಳು ಬೆಳೆಯುತ್ತಾ ಬರುತ್ತವೆ. ಕೊನೆಗೆ ರೈಲು ಆ ಕಟ್ಟಡಗಳ ನಡುವೆಯೇ ನುಗ್ಗುತ್ತದೆ. ಎರಡೂ ಕಡೆ ಬಾಗಿಲು ತೆರೆಯುತ್ತದೆ, ಯಾವ ಕಡೆ ಇಳಿದರೂ ಆಗುತ್ತದೆ. ಮಕ್ಕಳಿದ್ದರೆ ಈ ಪ್ರಯಾಣವೇ ಅರ್ಧ ಪ್ರವಾಸ.

ದಿನಾ ಓಡಾಡುವವರಿಗೆ ಜುಬಿಲಿ ಲೈನ್ ಬೇಕು. ಲಂಡನ್ ಬ್ರಿಡ್ಜ್, ವಾಟರ್‌ಲೂ, ವೆಸ್ಟ್‌ಮಿನ್‌ಸ್ಟರ್ ಎಲ್ಲಾ ಇದರ ಮೇಲೇ ಇವೆ. ಪ್ಲಾಟ್‌ಫಾರ್ಮಿನ ಅಂಚಿಗೆ ಗಾಜಿನ ಗೋಡೆ, ರೈಲು ಬಂದಾಗ ಮಾತ್ರ ಬಾಗಿಲು ತೆರೆಯುತ್ತದೆ. ಸ್ಟೇಷನ್ನನ್ನು ವಿನ್ಯಾಸ ಮಾಡಿದ್ದು ವಾಸ್ತುಶಿಲ್ಪಿ ನಾರ್ಮನ್ ಫಾಸ್ಟರ್ ಅವರ ಸಂಸ್ಥೆ. ಎಸ್ಕಲೇಟರ್ ಹತ್ತಿ ಆ ದೊಡ್ಡ ಗಾಜಿನ ಚಪ್ಪರದ ಕಡೆ ಏರುವಾಗ, ಇಷ್ಟು ವರ್ಷವಾದರೂ ನನ್ನ ಕಣ್ಣು ಮೇಲಕ್ಕೇ ಹೋಗುತ್ತದೆ. ತೊಂದರೆ ಏನೆಂದರೆ ಈ ರೈಲಿನಲ್ಲಿ ಏಸಿ ಇಲ್ಲ. ಬೇಸಿಗೆಯ ಸಂಜೆ ಕೋಟು ಕೈಯಲ್ಲಿ ಹಿಡಿದು ನಿಲ್ಲಲೇಬೇಕು.

ಎಲಿಜಬೆತ್ ಲೈನಿನಲ್ಲಿ ಏಸಿ ಇದೆ, ಡಬ್ಬಿಗಳು ಅಗಲ, ಒಂಬತ್ತು ಡಬ್ಬಿಯ ಉದ್ದನೆ ರೈಲು. ಸೂಟ್‌ಕೇಸ್ ಇದ್ದವರಿಗೆ ಇದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಹೀಥ್ರೂ ವಿಮಾನ ನಿಲ್ದಾಣಕ್ಕೆ ನೇರ ರೈಲು, ಸುಮಾರು 40 ನಿಮಿಷ. ಚಾರ್ಜು ಮಾತ್ರ ಜಾಸ್ತಿ. ದುಡ್ಡು ಉಳಿಸಬೇಕು ಅನ್ನುವವರು ಜುಬಿಲಿ ಹಿಡಿದು ಗ್ರೀನ್ ಪಾರ್ಕಿನಲ್ಲಿ ಇಳಿದು ಪಿಕಾಡಿಲಿ ಲೈನಿಗೆ ಬದಲಾಯಿಸಿಕೊಳ್ಳಿ. ಹೊತ್ತು ಜಾಸ್ತಿ ಹಿಡಿಯುತ್ತದೆ, ಜೇಬಿಗೆ ಹಗುರ.

ಮೊದಲ ಗೋಜಲು ಇಲ್ಲೇ ಶುರು. ಈ ಮೂರೂ ಲೈನುಗಳಿಗೆ ಸ್ಟೇಷನ್ನು ಬೇರೆ ಬೇರೆ, ಹೆಸರು ಮಾತ್ರ ಒಂದೇ. "ಕ್ಯಾನರಿ ವಾರ್ಫ್ ಸ್ಟೇಷನ್ ಹತ್ತಿರ ನಿಂತಿದ್ದೀನಿ" ಅಂತ ಫೋನ್ ಬಂದರೆ ನನ್ನ ಮೊದಲ ಪ್ರಶ್ನೆ "ಯಾವುದು?" ಎಂದು. ಜುಬಿಲಿಯಿಂದ ಎಲಿಜಬೆತ್‌ಗೆ ರಸ್ತೆ ಮಟ್ಟಕ್ಕೆ ಬಂದು ಕೆಲವು ನಿಮಿಷ ನಡೆಯಬೇಕು. ಜುಬಿಲಿಯಿಂದ ಡಿಎಲ್‌ಆರ್‌ಗೆ ಹೋಗುವುದಾದರೆ, ಎಷ್ಟೋ ಸಲ ಪಕ್ಕದ ಹೆರನ್ ಕೀಸ್ ಸ್ಟೇಷನ್ನೇ ಹತ್ತಿರ. ಒಂದು ಕಡೆ ಹೊರಬಂದು ಸ್ವಲ್ಪ ಹೊತ್ತಿನಲ್ಲೇ ಇನ್ನೊಂದು ಕಡೆ ಒಳಗೆ ಹೋದರೆ ಅದನ್ನು ಒಂದೇ ಪ್ರಯಾಣ ಅಂತ ಲೆಕ್ಕ ಹಾಕುತ್ತಾರೆ, ಎರಡು ಸಲ ದುಡ್ಡು ಹೋಗುವುದಿಲ್ಲ.

ಭೇಟಿಯಾಗಲು ನಾನು ಯಾವಾಗಲೂ ಹೇಳುವ ಜಾಗ ರಾಯ್ಟರ್ಸ್ ಪ್ಲಾಜಾದ ಗಡಿಯಾರಗಳು. ಜುಬಿಲಿ ಸ್ಟೇಷನ್ನಿನ ಹೊರಗೇ ಇವೆ. ಕಂಬದ ಮೇಲೆ ಒಟ್ಟು ಆರು. ಒಂದೊಂದಕ್ಕೂ ಎರಡು ಮುಖ, ಒಂದೊಂದು ಮುಖದ ಮೇಲೂ ಒಂದೇ ಒಂದು ಅಂಕಿ. ಒಂದರಲ್ಲಿ 4 ಇದ್ದರೆ ಇನ್ನೊಂದರಲ್ಲಿ 9. ಹೀಗೆ ಹನ್ನೆರಡು ಅಂಕಿಗಳು ಹನ್ನೆರಡು ಮುಖಗಳಿಗೆ ಹಂಚಿಹೋಗಿವೆ. ಎಲ್ಲಾ ಮುಳ್ಳುಗಳೂ ಒಂದೇ ಟೈಮ್ ತೋರಿಸುತ್ತವೆ. ಹೊಸಬರು ಒಂದು ನಿಮಿಷ ನಿಂತು ನೋಡೇ ನೋಡುತ್ತಾರೆ. ಅಷ್ಟರಲ್ಲಿ ನಾನು ತಲುಪಿರುತ್ತೇನೆ.

ಇಲ್ಲಿ ಬ್ಯಾಂಕ್ ಕಾರ್ಡನ್ನೋ ಫೋನನ್ನೋ ಯಂತ್ರಕ್ಕೆ ತೋರಿಸಿ ಒಳಗೆ ಹೋಗಿ, ಇಳಿದಾಗ ಮತ್ತೆ ತೋರಿಸಿ ಹೊರಗೆ ಬರುವುದು, ಚಾರ್ಜು ಅದರಿಂದಲೇ ಹೋಗುತ್ತದೆ. ಆ ಕಾರ್ಡಿನ ವಿಷಯದಲ್ಲಿ ದಯವಿಟ್ಟು ಹುಷಾರಾಗಿರಿ. ಜುಬಿಲಿ, ಎಲಿಜಬೆತ್ ಎರಡರಲ್ಲೂ ಗೇಟು ಇದೆ, ಕಾರ್ಡ್ ತೋರಿಸದೆ ಹೊರಗೆ ಬರಲು ಆಗುವುದಿಲ್ಲ. ಇಲ್ಲಿನ ಡಿಎಲ್‌ಆರ್ ಸ್ಟೇಷನ್‌ಗೆ ಗೇಟೇ ಇಲ್ಲ. ಹಳದಿ ಬಣ್ಣದ ಯಂತ್ರ ಮಾತ್ರ ಕಂಬದ ಮೇಲೆ ಸುಮ್ಮನೆ ನಿಂತಿರುತ್ತದೆ. ಮಾತಾಡುತ್ತಾ ಇಳಿದು ಹೋಗಿಬಿಟ್ಟರೆ ಯಾರೂ ತಡೆಯುವುದಿಲ್ಲ, ಆದರೆ ಪ್ರಯಾಣ ಮುಗಿದಿಲ್ಲ ಅಂತ ಗರಿಷ್ಠ ಚಾರ್ಜು ಬೀಳುತ್ತದೆ. ಇನ್ನೊಂದು ಮಾತು. ಹೋಗುವಾಗ ಫೋನ್ ತೋರಿಸಿ, ಹೊರಗೆ ಬರುವಾಗ ಪರ್ಸಿನಿಂದ ಕಾರ್ಡ್ ತೋರಿಸಿದರೆ, ಎರಡೂ ಒಂದೇ ಬ್ಯಾಂಕ್ ಖಾತೆಯದ್ದಾದರೂ ಯಂತ್ರಕ್ಕೆ ಅವು ಇಬ್ಬರು ಬೇರೆ ಬೇರೆ ಪ್ರಯಾಣಿಕರು. ಯಾವುದರಿಂದ ಶುರು ಮಾಡಿದ್ದೀರೋ ಅದರಿಂದಲೇ ಮುಗಿಸಿ. ದಿನದ ಒಟ್ಟು ಚಾರ್ಜಿಗೆ ಒಂದು ಮಿತಿ ಇದೆ, ಅದು ಸರಿಯಾಗಿ ಲೆಕ್ಕಕ್ಕೆ ಬರಬೇಕಾದರೂ ಇದೇ ದಾರಿ.

ಈಗ ನಡೆಯುವ ಮಾತು. ನಕ್ಷೆಯಲ್ಲಿ ನೋಡಿದರೆ ಕ್ಯಾನರಿ ವಾರ್ಫ್ ಚಿಕ್ಕದು. ಆದರೆ ಇದು ಮಹಡಿ ಮಹಡಿಯಾಗಿ ಕಟ್ಟಿದ ಊರು. ಕೆಳಗೆ ನೀರಿನ ಪಕ್ಕದ ದಾರಿ, ಅದರ ಮೇಲೆ ರಸ್ತೆ, ರಸ್ತೆಯ ಅಡಿಯಲ್ಲಿ ಮಾಲ್, ತಲೆಯ ಮೇಲೆ ಡಿಎಲ್‌ಆರ್. ಫೋನಿನ ನೀಲಿ ಚುಕ್ಕೆ ನೀವು ಯಾವ ಮಟ್ಟದಲ್ಲಿದ್ದೀರಿ ಅಂತ ಹೇಳುವುದಿಲ್ಲ. "ತಲುಪಿದ್ದೀರಿ" ಅನ್ನುತ್ತದೆ, ಕಟ್ಟಡದ ಬಾಗಿಲು ನಿಮ್ಮ ತಲೆಯ ಮೇಲಿರುತ್ತದೆ. ಇಂಟರ್‌ವ್ಯೂಗೆ ಬರುವವರಿಗೆ ನಾನು ಕೊಡುವ ಸಲಹೆ ಸರಳ. ಮಾಲ್ ಒಳಗೆ ಹೋಗಬೇಡಿ. ಮೊದಲು ರಸ್ತೆಗೆ ಬನ್ನಿ, ಆಕಾಶ ಕಾಣಲಿ, ಆಮೇಲೆ ಒನ್ ಕೆನಡಾ ಸ್ಕ್ವೇರಿನ ಪಿರಮಿಡ್ ತಲೆ ಎಲ್ಲಿದೆ ನೋಡಿ. ಅಲ್ಲಿಂದ ದಿಕ್ಕು ಹಿಡಿಯುವುದು ಸುಲಭ. ಇಪ್ಪತ್ತು ನಿಮಿಷ ಮುಂಚೆ ಬನ್ನಿ, ಯಾಕೆಂದರೆ ಕೆಳಗಿನ ರಿಸೆಪ್ಷನ್‌ನಲ್ಲಿ ಗುರುತಿನ ಚೀಟಿ ತೋರಿಸಿ ಪಾಸ್ ತೆಗೆದುಕೊಳ್ಳಲೂ ಹೊತ್ತು ಹಿಡಿಯುತ್ತದೆ.

ಮಳೆ ಬಂದರೆ ಮಾತ್ರ ನಿಯಮ ತಿರುಗುಮುರುಗು. ಆಗ ಮಾಲ್‌ಗಳೇ ದಾರಿ. ಜುಬಿಲಿ ಪ್ಲೇಸ್, ಕೆನಡಾ ಪ್ಲೇಸ್, ಕ್ಯಾಬಟ್ ಪ್ಲೇಸ್ ಒಳಗೊಳಗೇ ಬೆಸೆದುಕೊಂಡಿವೆ. ಛತ್ರಿಯನ್ನು ನಂಬಿಕೊಳ್ಳಬೇಡಿ. ಗೋಪುರಗಳ ಸಂದಿಯಲ್ಲಿ ಗಾಳಿ ಎಷ್ಟು ಜೋರಾಗಿ ಬೀಸುತ್ತದೆ ಎಂದರೆ ಛತ್ರಿ ಮಗುಚಿಕೊಳ್ಳುತ್ತದೆ. ಟೋಪಿ ಇರುವ ಜಾಕೆಟ್ ಒಳ್ಳೆಯದು.

ಅಮ್ಮ ಬಂದಾಗ ನನಗೆ ಚಿಂತೆ ಇದ್ದದ್ದು ಅವರ ಮಂಡಿಯದು. ಡಿಎಲ್‌ಆರ್‌ನ ಎಲ್ಲಾ ಸ್ಟೇಷನ್‌ಗಳಲ್ಲೂ ಮೆಟ್ಟಿಲಿಲ್ಲದ ದಾರಿ ಇದೆ, ಇಲ್ಲಿನ ಜುಬಿಲಿ, ಎಲಿಜಬೆತ್ ಸ್ಟೇಷನ್‌ಗಳಲ್ಲೂ ಇದೆ. ಆದರೆ ಲಿಫ್ಟನ್ನು ಹುಡುಕಬೇಕು. ಎಸ್ಕಲೇಟರ್ ನೋಡಿ ಅಮ್ಮ ನಿಂತುಬಿಟ್ಟರು. "ನಾನು ಇದನ್ನ ಹತ್ತಲ್ಲ ಕಣೋ, ನೀನು ಬೇಕಾದ್ರೆ ಹೋಗು" ಅಂದರು. ಅಲ್ಲಿದ್ದ ಸಿಬ್ಬಂದಿಯೊಬ್ಬರು ನಮ್ಮ ಮುಖ ನೋಡಿಯೇ ಅರ್ಥ ಮಾಡಿಕೊಂಡು, ಲಿಫ್ಟಿನ ತನಕ ಜೊತೆಗೆ ಬಂದು, ಬಟನ್ ಒತ್ತಿ ಹೋದರು. ಅಮ್ಮ ಊರಿಗೆ ಹೋದ ಮೇಲೂ ಎಲ್ಲರಿಗೂ ಹೇಳಿದ್ದು ಆ ಮಾತನ್ನೇ, ಗೋಪುರಗಳನ್ನಲ್ಲ.

ಕಾರು ತರಬೇಡಿ. ಲಂಡನ್ ನಡುಭಾಗಕ್ಕೆ ಕಾರು ತರುವವರು ಕಟ್ಟುವ ಕಂಜೆಶನ್ ಚಾರ್ಜ್ ಇಲ್ಲಿಗೆ ಅನ್ವಯಿಸುವುದಿಲ್ಲ ನಿಜ. ಆದರೆ ಹೊಗೆ ಜಾಸ್ತಿ ಉಗುಳುವ ಹಳೆ ಗಾಡಿಯಾದರೆ ದಿನಕ್ಕೆ 12.50 ಪೌಂಡ್ ಯುಲೆಜ್ ಶುಲ್ಕ ಇದೆ. 2025ರ ಏಪ್ರಿಲ್ 7ರಿಂದ ಹತ್ತಿರದ ಬ್ಲ್ಯಾಕ್‌ವಾಲ್ ಸುರಂಗಕ್ಕೂ ಶುಲ್ಕ ಹಾಕಿದ್ದಾರೆ. ಪಾರ್ಕಿಂಗ್ ದುಬಾರಿ. ಇಲ್ಲಿನ ರಸ್ತೆಗಳು ಖಾಸಗಿ ಜಾಗದಲ್ಲಿವೆ, ಕಾವಲಿನವರೂ ಆ ಜಾಗದ ಮಾಲೀಕರ ಕಡೆಯವರೇ.

ದೋಣಿ ಬೇರೆ ಮಾತು. ವೆಸ್ಟ್‌ಫೆರಿ ಸರ್ಕಸ್ ಅನ್ನುವ ವೃತ್ತದ ಹತ್ತಿರದ ಕಟ್ಟೆಯಲ್ಲಿ ಥೇಮ್ಸ್ ಕ್ಲಿಪ್ಪರ್ಸ್ ದೋಣಿ ಸಿಗುತ್ತದೆ. ಟವರ್ ಬ್ರಿಡ್ಜ್ ಅಡಿಯಲ್ಲಿ ಹಾದು ಹೋಗುತ್ತದೆ. ರೈಲಿಗಿಂತ ನಿಧಾನ, ದಿನದ ಚಾರ್ಜಿನ ಮಿತಿಗೂ ಸೇರುವುದಿಲ್ಲ. ಆದರೂ ಬಂದವರನ್ನು ವಾಪಸ್ ಕಳಿಸುವಾಗ ನಾನು ದೋಣಿಯನ್ನೇ ಹೇಳುತ್ತೇನೆ.

ನೋಡಲು ಬರುವುದಾದರೆ ವಾರದ ಕೊನೆಯಲ್ಲಿ ಬನ್ನಿ. ಮಂಗಳವಾರ, ಬುಧವಾರ, ಗುರುವಾರ ಬೆಳಿಗ್ಗೆ ನಿಲ್ಲಲೂ ಜಾಗ ಇರುವುದಿಲ್ಲ, ಬೆಳಿಗ್ಗೆ 6:30ರಿಂದ 9:30ರ ತನಕ ಚಾರ್ಜೂ ಜಾಸ್ತಿ. ಎಲಿಜಬೆತ್ ಸ್ಟೇಷನ್ನಿನ ನೆತ್ತಿಯ ಮೇಲೆ ಒಂದು ತೋಟ ಇದೆ, ಮರದ ಜಾಲರಿಯ ಮಾಡು, ಪ್ರವೇಶ ಉಚಿತ. ಭೂಮಿಯನ್ನು ಪೂರ್ವಾರ್ಧ, ಪಶ್ಚಿಮಾರ್ಧ ಅಂತ ಭಾಗ ಮಾಡುವ ಗ್ರೀನಿಚ್ ರೇಖೆ ಈ ಕಡೆಯೇ ಹಾದುಹೋಗುವುದರಿಂದ ಪೂರ್ವಾರ್ಧದ ಗಿಡಗಳನ್ನು ಒಂದು ಬದಿ, ಪಶ್ಚಿಮಾರ್ಧದ ಗಿಡಗಳನ್ನು ಇನ್ನೊಂದು ಬದಿ ನೆಟ್ಟಿದ್ದಾರೆ. ಬಿದಿರಿನ ಪಕ್ಕ ಕೂತು ಬುತ್ತಿ ಬಿಚ್ಚಬಹುದು, ಯಾರೂ ಏಳಿ ಅನ್ನುವುದಿಲ್ಲ. ಅಲ್ಲಿಂದ ಸ್ವಲ್ಪ ದೂರದಲ್ಲಿ, ಹಳೆಯ ಸಕ್ಕರೆ ಗೋದಾಮಿನಲ್ಲಿ, ಡಾಕ್‌ಲ್ಯಾಂಡ್ಸ್ ಮ್ಯೂಸಿಯಂ ಇದೆ, ಅದೂ ಉಚಿತ. ಆ ಸಕ್ಕರೆಯ ಹಿಂದೆ ಗುಲಾಮರ ದುಡಿಮೆ ಇತ್ತು ಅನ್ನುವುದನ್ನು ಅದು ಮುಚ್ಚಿಡದೆ ಹೇಳುತ್ತದೆ. ಈ ಗೋಪುರಗಳನ್ನು ನೋಡಲು ಬಂದವರು ಅದನ್ನು ನೋಡದೆ ಹೋಗಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಇನ್ನೂ ಕಾಲು ನೋಯದಿದ್ದರೆ ಡಿಎಲ್‌ಆರ್‌ನಲ್ಲಿ ಐಲ್ಯಾಂಡ್ ಗಾರ್ಡನ್ಸ್‌ಗೆ ಹೋಗಿ, 1902ರಲ್ಲಿ ತೆರೆದ ಸುರಂಗದಲ್ಲಿ ನದಿಯ ಅಡಿಯಲ್ಲೇ ನಡೆದು ಗ್ರೀನಿಚ್ ಸೇರಬಹುದು.

ರಾತ್ರಿ ತಡವಾದರೆ ಶುಕ್ರವಾರ, ಶನಿವಾರ ಜುಬಿಲಿ ಲೈನ್ ಇಡೀ ರಾತ್ರಿ ಓಡುತ್ತದೆ. ಉಳಿದ ದಿನ ಬಸ್ಸೇ ಗತಿ. ಆಫೀಸುಗಳನ್ನು ಗುಡಿಸಿ ಒರೆಸುವವರು ನಸುಕಿನಲ್ಲಿ ಬಂದು ಹೋಗುವುದು ಆ ಬಸ್ಸುಗಳಲ್ಲೇ.

ನಾನು ಅಂಕ ಕಡಿಮೆ ಕೊಡುವ ದೊಡ್ಡ ಕಾರಣ ಕ್ಯಾನರಿ ವಾರ್ಫ್‌ನ ಪಕ್ಕದಲ್ಲೇ ಇದೆ. ಉತ್ತರಕ್ಕೆ ಪಾಪ್ಲರ್ ಇದೆ, ದುಡಿಯುವ ಜನರ ಹಳೆಯ ಬಡಾವಣೆ. ಕೂಗಿದರೆ ಕೇಳುವಷ್ಟು ಹತ್ತಿರ. ಆದರೆ ನಡುವೆ ಆಸ್ಪೆನ್ ವೇ ಅನ್ನುವ ದೊಡ್ಡ ರಸ್ತೆ ಗೋಡೆಯ ಹಾಗೆ ಅಡ್ಡ ನಿಂತಿದೆ. ಹೀಥ್ರೂನಿಂದ ಇಲ್ಲಿಗೆ ಕೂತಲ್ಲೇ ಬರಬಹುದು, ಪಕ್ಕದ ಕೇರಿಯಿಂದ ನಡೆದು ಬರುವವರು ಮಾತ್ರ ಸೇತುವೆ ಹುಡುಕಿ ಸುತ್ತಬೇಕು. ಇದು ಸರಿಯಲ್ಲ. ದಾರಿ ಅಗಲವಾಗಬೇಕು, ರಾತ್ರಿಯೂ ಧೈರ್ಯವಾಗಿ ನಡೆಯುವ ಹಾಗೆ ದೀಪ ಬೇಕು, ಎರಡೂ ಕಡೆ ಬೋರ್ಡು ಬೇಕು. ಸದ್ಯಕ್ಕೆ ಪಾಪ್ಲರ್ ಡಿಎಲ್‌ಆರ್ ಸ್ಟೇಷನ್ನಿನ ಕಾಲುಸೇತುವೆ ದಾಟಿ ಹೋಗಿ. ಕ್ರಿಸ್ಪ್ ಸ್ಟ್ರೀಟ್ ಮಾರುಕಟ್ಟೆಗೆ ಅಲ್ಲಿಂದ ಆರಾಮಾಗಿ ನಡೆದುಕೊಂಡೇ ಹೋಗಬಹುದು.