ಮುಂಬೈ ವೀಸಾ ಸಂದರ್ಶನಕ್ಕೆ ‘ತರಬೇತಿ’ ಕೊಡುತ್ತೇನೆ ಎನ್ನುವವರ ಮೆಟ್ಟಿಲು ಹತ್ತಬೇಡಿ

ಗಂಡನೋ ಹೆಂಡತಿಯೋ ಅಮೆರಿಕದಲ್ಲಿದ್ದು, ನಿಮಗೆ ಮುಂಬೈಯಲ್ಲಿ ವಲಸೆ ವೀಸಾ ಸಂದರ್ಶನದ ದಿನ ಹತ್ತಿರ ಬಂದಿದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ‘ಉತ್ತರ ಹೇಗೆ ಕೊಡಬೇಕೆಂದು ಹೇಳಿಕೊಡುತ್ತೇನೆ’ ಎಂದು ಯಾರಾದರೂ ಅಂದರೆ ಕುಳಿತ ಕುರ್ಚಿಯಿಂದ ಎದ್ದು ಬನ್ನಿ. ನಾನು ಎದ್ದು ಬರಲಿಲ್ಲ. ಒಟ್ಟು ₹74,500 ಕಳೆದುಕೊಂಡೆ. ಹಣ ಹೋದರೆ ದುಡಿದುಕೊಳ್ಳಬಹುದು. ಆದರೆ ಬಲಗೈ ಎತ್ತಿ ಪ್ರಮಾಣ ಮಾಡಿ, ಐದು ನಿಮಿಷ ಕಳೆಯುವುದರೊಳಗೆ ಹೆಂಡತಿಯ ಬಗ್ಗೆ ಸುಳ್ಳು ಹೇಳಿದೆನಲ್ಲ, ಅದನ್ನು ನೆನೆದರೆ ಈಗಲೂ ರಾತ್ರಿ ನಿದ್ದೆ ಹತ್ತುವುದಿಲ್ಲ.

ನಾನು ಹಾಸನ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ಗಣಿತದ ಮೇಷ್ಟ್ರು. ಹೆಂಡತಿ ಹ್ಯೂಸ್ಟನ್ನಿನಲ್ಲಿ ನರ್ಸ್, 2019ರಿಂದ ಅಲ್ಲಿನ ಪೌರಳು. ಅವಳಿಗೆ ಮೊದಲು ಒಂದು ಮದುವೆಯಾಗಿ, ಮುರಿದು, ಅಲ್ಲಿನ ನ್ಯಾಯಾಲಯದಲ್ಲೇ ವಿಚ್ಛೇದನ ಆಗಿತ್ತು. ಇದು ಗುಟ್ಟಿನ ವಿಷಯವಲ್ಲ. ನಮ್ಮ ಸಂಬಂಧದ ಮಾತು ಬಂದ ಮೊದಲ ದಿನವೇ ಅವಳು ಹೇಳಿದ್ದಳು. ನನ್ನ ತಾಯಿಗೂ ಗೊತ್ತು, ಊರಿಗೂ ಗೊತ್ತು. 2022ರ ಡಿಸೆಂಬರ್‌ನಲ್ಲಿ ನಮ್ಮೂರಿನ ದೇವಸ್ಥಾನದಲ್ಲಿ ನಲವತ್ತು ಜನರ ಮುಂದೆ ಮದುವೆಯಾಯಿತು, ಅದೇ ವಾರ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಣಿಯೂ ಆಯಿತು. ಅವಳು ಹಿಂದಿರುಗಿ ಗಂಡನನ್ನು ಕರೆಸಿಕೊಳ್ಳುವ ಐ-130 ಅರ್ಜಿ ಹಾಕಿದಳು. ಅದರಲ್ಲಿ ಹಿಂದಿನ ಮದುವೆಯ ವಿವರ, ವಿಚ್ಛೇದನದ ಆದೇಶದ ಪ್ರತಿ ಎಲ್ಲವೂ ಇದ್ದವು. ಇದನ್ನು ನೆನಪಿನಲ್ಲಿಟ್ಟುಕೊಂಡು ಮುಂದೆ ಓದಿ. ಕಡತದಲ್ಲಿ ಎಲ್ಲವೂ ಇತ್ತು.

ಅರ್ಜಿ ಮಂಜೂರಾಯಿತು, ಕಡತ ರಾಷ್ಟ್ರೀಯ ವೀಸಾ ಕೇಂದ್ರಕ್ಕೆ, ಅಂದರೆ ಎಲ್ಲರೂ ಎನ್‌ವಿಸಿ ಎನ್ನುವಲ್ಲಿಗೆ ಹೋಯಿತು. ವೀಸಾ ಶುಲ್ಕ 325 ಡಾಲರ್, ಆರ್ಥಿಕ ಬೆಂಬಲ ಪತ್ರದ ಶುಲ್ಕ 120 ಡಾಲರ್ ಅವಳೇ ಕಟ್ಟಿದಳು. ವಲಸೆ ವೀಸಾದ ಅರ್ಜಿಯಾದ ಡಿಎಸ್-260 ನಮೂನೆಯನ್ನು ಇಬ್ಬರೂ ಫೋನಿನಲ್ಲಿ ಮಾತನಾಡಿಕೊಂಡೇ ತುಂಬಿದೆವು. ಪಾಸ್‌ಪೋರ್ಟ್ ಸೇವೆಯ ಮೂಲಕ ಪೊಲೀಸ್ ದೃಢೀಕರಣ ಪತ್ರ ನಾನೇ ತೆಗೆದುಕೊಂಡೆ. ದಾಖಲೆಗಳೆಲ್ಲ ಸರಿ ಇವೆ ಎಂಬ ಸಂದೇಶವೂ ಬಂತು. ಇಷ್ಟೆಲ್ಲ ನಾವೇ ಮಾಡಿಕೊಂಡಿದ್ದೆವು. ಇನ್ನೇನು ಉಳಿದಿತ್ತು? ಸಂದರ್ಶನ ಒಂದೇ. ಅವಳು ಹೇಳಿದ್ದೂ ಅದನ್ನೇ: ‘ರೀ, ಇನ್ನು ಯಾರ ಹತ್ತಿರವೂ ಹೋಗಬೇಡಿ. ಕೇಳಿದ್ದಕ್ಕೆ ಇದ್ದದ್ದನ್ನು ಹೇಳಿ ಬನ್ನಿ.’

ನಾನು ಹೋದೆ. ಅವಳಿಗೆ ಹೇಳದೆ ಹೋದೆ. ಶುಲ್ಕವೆಲ್ಲ ಅವಳೇ ಕಟ್ಟಿದ್ದಳು, ಪತ್ರವ್ಯವಹಾರವೆಲ್ಲ ಅವಳದೇ, ಈ ಒಂದನ್ನಾದರೂ ನಾನು ಸರಿಯಾಗಿ ಮಾಡಬೇಕೆಂಬ ಹಟ ನನ್ನದು. ಸಹೋದ್ಯೋಗಿಯೊಬ್ಬರು ಬೆಂಗಳೂರಿನ ಒಬ್ಬ ‘ವೀಸಾ ಸಲಹೆಗಾರ’ನ ನಂಬರು ಕೊಟ್ಟರು. ಹೆಸರು ಬರೆಯುವುದಿಲ್ಲ, ದೂರು ಇನ್ನೂ ವಿಚಾರಣೆಯಲ್ಲಿದೆ.

ಎರಡನೇ ಮಹಡಿಯಲ್ಲಿ ಚೊಕ್ಕಟವಾದ ಕಚೇರಿ. ಗೋಡೆಯ ಮೇಲೆ ಚೌಕಟ್ಟು ಹಾಕಿದ ಪ್ರಮಾಣಪತ್ರ. ‘ನೋಡಿ ಮೇಷ್ಟ್ರೇ, ಸರ್ಕಾರದ ನೋಂದಣಿ ಇದೆ’ ಎಂದ. ಅದು ಜಿಎಸ್‌ಟಿ ನೋಂದಣಿ ಪತ್ರ. ತೆರಿಗೆ ಕಟ್ಟುವ ಅಂಗಡಿಗಳಲ್ಲೆಲ್ಲ ಅದು ಇರುತ್ತದೆ, ವೀಸಾ ವಿಷಯಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಅಂದು ನನಗೆ ಅದು ಹೊಳೆಯಲಿಲ್ಲ.

ಮೊದಲು ₹25,000 ‘ತರಬೇತಿ’ಗೆ ಎಂದು ತೆಗೆದುಕೊಂಡ. ಆಮೇಲೆ, ಮುಂಬೈಯಲ್ಲಿ ಬೇಗ ದಿನಾಂಕ ಕೊಡಿಸುತ್ತೇನೆ, ಒಳಗೆ ಗೊತ್ತಿರುವವರು ಇದ್ದಾರೆ ಎಂದು ₹20,000. ಮೂರು ವಾರದಲ್ಲಿ ಸಂದರ್ಶನದ ಪತ್ರ ಬಂದಾಗ ಫೋನು ಮಾಡಿ, ‘ಆಯಿತಲ್ಲ ಮೇಷ್ಟ್ರೇ, ಹೇಳಿದ ಹಾಗೆ ಮಾಡಿಸಿದೆ’ ಎಂದ. ನಾನು ಧನ್ಯವಾದ ಹೇಳಿದೆ! ಆ ದಿನಾಂಕವನ್ನು ಕೊಡುವುದು ಎನ್‌ವಿಸಿ. ದಾಖಲೆ ಪೂರ್ಣವಾದವರನ್ನು ಸರದಿಯಲ್ಲಿ ಕರೆಯುತ್ತಾರೆ. ಅದಕ್ಕೆ ದಲ್ಲಾಳಿ ಇಲ್ಲ, ಬೆಲೆ ಇಲ್ಲ. ಸರದಿ ಬಂದಿತ್ತು, ಅವನು ಅದಕ್ಕೆ ದುಡ್ಡು ಎಣಿಸಿಕೊಂಡ.

ಅದಾದ ಮೇಲೆ ವೈದ್ಯಕೀಯ ಪರೀಕ್ಷೆ. ‘ಎಕ್ಸ್‌ರೇ, ರಕ್ತ ಪರೀಕ್ಷೆ ಇಲ್ಲೇ ಮಾಡಿಸಿ ಒಯ್ಯಿರಿ, ಅಲ್ಲಿ ಖರ್ಚು ಕಡಿಮೆಯಾಗುತ್ತದೆ’ ಎಂದು ತನ್ನ ಪರಿಚಯದ ಲ್ಯಾಬಿಗೆ ಕಳಿಸಿದ. ₹9,500. ಮುಂಬೈಯ ವೈದ್ಯರು ಆ ಲಕೋಟೆಯನ್ನು ತೆರೆದೂ ನೋಡಲಿಲ್ಲ. ಕಾನ್ಸುಲೇಟ್ ನೇಮಿಸಿದ ವೈದ್ಯರ ಬಳಿಯೇ ಎಲ್ಲವೂ ಆಗಬೇಕು, ಬೇರೆ ಕಡೆಯ ವರದಿ ನಡೆಯುವುದಿಲ್ಲ. ಎಕ್ಸ್‌ರೇ, ರಕ್ತ, ಲಸಿಕೆ ಎಲ್ಲವನ್ನೂ ಹೊಸದಾಗಿ ಮಾಡಿದರು, ಹೊಸದಾಗಿ ಹಣ ಕಟ್ಟಿದೆ. ಆಗಲಾದರೂ ನನಗೆ ಬುದ್ಧಿ ಬರಬೇಕಿತ್ತು.

ಇನ್ನು ‘ತರಬೇತಿ’. ನಾಲ್ಕು ಭಾನುವಾರ ಹಾಸನದಿಂದ ಬಸ್ಸಿನಲ್ಲಿ ಹೋಗಿ ಬಂದೆ. ಮುದ್ರಿಸಿದ ಅರವತ್ತು ಪ್ರಶ್ನೆಗಳು, ಅವಕ್ಕೆ ಅವನೇ ಬರೆದ ಉತ್ತರಗಳು. ‘ಮಕ್ಕಳನ್ನು ಪರೀಕ್ಷೆಗೆ ತಯಾರು ಮಾಡುವವರು ನೀವು, ನಿಮಗೆ ನಾನು ಹೇಳಬೇಕೇ? ಬಾಯಿಪಾಠ ಮಾಡಿ’ ಎಂದ. ಹೆಂಡತಿ ಇಷ್ಟಪಡುವ ತಿಂಡಿ ಯಾವುದು ಎಂಬುದಕ್ಕೂ ಅವನ ಹಾಳೆಯಲ್ಲಿ ಉತ್ತರ ಇತ್ತು. ಅವಳಿಗೆ ಇಷ್ಟವಾದದ್ದು ಅಕ್ಕಿ ರೊಟ್ಟಿ, ಹಾಳೆಯಲ್ಲಿ ‘ಮಸಾಲೆ ದೋಸೆ’. ‘ಅಧಿಕಾರಿಗೆ ದೋಸೆ ಗೊತ್ತಿರುತ್ತದೆ’ ಎಂದ.

ಮದುವೆಯ ಫೋಟೋದಲ್ಲಿ ಜನ ಕಡಿಮೆ, ಸ್ಟುಡಿಯೋದಲ್ಲಿ ಇನ್ನಷ್ಟು ಜನರನ್ನು ಸೇರಿಸೋಣ ಎಂದೂ ಹೇಳಿದ್ದ. ಅದಕ್ಕೆ ನಾನು ಒಪ್ಪಲಿಲ್ಲ. ಒಪ್ಪದಿದ್ದದ್ದರಿಂದ ನಾನು ಎಚ್ಚರದಲ್ಲೇ ಇದ್ದೇನೆ ಎಂದುಕೊಂಡೆ. ಅದೇ ನನ್ನನ್ನು ಕೆಡಿಸಿತು. ಒಂದು ಸುಳ್ಳಿಗೆ ಬೇಡ ಎಂದ ಸಮಾಧಾನದಲ್ಲಿ ಇನ್ನೊಂದನ್ನು ನುಂಗಿಬಿಟ್ಟೆ.

ಆ ಇನ್ನೊಂದು ಹೀಗೆ ಬಂತು. ಕೊನೆಯ ಭಾನುವಾರ, ಬಾಗಿಲು ಮುಂದೆ ಮಾಡಿ, ‘ಮೇಡಂ ಅವರಿಗೆ ಇದು ಎರಡನೆಯದು ಅಲ್ಲವೇ? ಅದನ್ನು ಎತ್ತಬೇಡಿ. ಕೇಳಿದರೆ ಇಲ್ಲ ಎಂದುಬಿಡಿ. ಎರಡನೇ ಮದುವೆ ಎಂದರೆ ಅವರಿಗೆ ಅನುಮಾನ, ಹಣಕ್ಕೆ ಮಾಡಿಕೊಂಡ ಮದುವೆ ಎಂದು ಬರೆಯುತ್ತಾರೆ’ ಎಂದ. ‘ಕಡತದಲ್ಲಿ ವಿಚ್ಛೇದನದ ಆದೇಶ ಇದೆಯಲ್ಲ’ ಎಂದೆ. ಕೇಳಿದೆ, ಖಂಡಿತ ಕೇಳಿದೆ. ಅವನು ನಕ್ಕು, ‘ಅಷ್ಟು ದಪ್ಪ ಕಡತವನ್ನು ಅಲ್ಲಿ ಯಾರು ಓದುತ್ತಾರೆ? ದಿನಕ್ಕೆ ಎಷ್ಟು ಜನ ಬರುತ್ತಾರೆ ಗೊತ್ತೇ? ಹದಿನೈದು ವರ್ಷದ ಅನುಭವ ನನ್ನದು’ ಎಂದ.

ಓದುತ್ತಾರೆ. ನಿಮಗಿಂತ ಚೆನ್ನಾಗಿ ಓದಿರುತ್ತಾರೆ.

ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಮುಂಬೈಗೆ ಹೋದೆ. ವೈದ್ಯಕೀಯ, ಬೆರಳಚ್ಚು ಮುಗಿದವು. 2025ರ ಫೆಬ್ರುವರಿಯ ಒಂದು ಬೆಳಗ್ಗೆ ಬಾಂದ್ರಾ ಕುರ್ಲಾ ಸಂಕೀರ್ಣದ ಕಾನ್ಸುಲೇಟ್ ಮುಂದೆ ಸಾಲಿನಲ್ಲಿ ನಿಂತೆ. ಮೊಬೈಲ್ ಇಲ್ಲ, ಚೀಲ ಇಲ್ಲ, ಕೈಯಲ್ಲಿ ಕಡತ ಮಾತ್ರ. ತಲೆಯಲ್ಲಿ ಅರವತ್ತು ಉತ್ತರಗಳು.

ಕಿಟಕಿಯ ಆಚೆ ಇದ್ದವರು ಸುಮಾರು ಮೂವತ್ತೈದರ ಹೆಂಗಸು. ಗದರಲಿಲ್ಲ, ಅವಸರ ಮಾಡಲಿಲ್ಲ. ಬಲಗೈ ಎತ್ತಿಸಿ, ಹೇಳುವುದೆಲ್ಲ ಸತ್ಯ ಎಂದು ಪ್ರಮಾಣ ಮಾಡಿಸಿದರು. ಹೇಗೆ ಪರಿಚಯ, ಮದುವೆ ಎಲ್ಲಿ, ಯಾರು ಬಂದಿದ್ದರು, ಹೆಂಡತಿ ಯಾವ ಪಾಳಿಯಲ್ಲಿ ಕೆಲಸ ಮಾಡುತ್ತಾಳೆ ಎಂದು ಕೇಳಿದರು. ಈ ಯಾವುದಕ್ಕೂ ನನಗೆ ಹಾಳೆ ಬೇಕಾಗಲಿಲ್ಲ, ನೋಡಿ! ನನ್ನ ಬದುಕು, ನನಗೆ ಗೊತ್ತಿತ್ತು.

ಆಮೇಲೆ, ಕಂಪ್ಯೂಟರಿನಿಂದ ಕಣ್ಣು ತೆಗೆಯದೆ, ‘ನಿಮ್ಮ ಹೆಂಡತಿಗೆ ಮೊದಲು ಮದುವೆಯಾಗಿತ್ತೇ?’ ಎಂದರು.

‘ಇಲ್ಲ’ ಎಂದೆ.

ಬಾಯಿಂದ ತಾನಾಗಿ ಬಂತು. ನಾಲ್ಕು ಭಾನುವಾರದ ಬಾಯಿಪಾಠ.

ಅವರು ತಲೆಯೆತ್ತಿ ನನ್ನನ್ನು ನೋಡಿದರು. ‘ಖಚಿತವೇ?’ ಎಂದರು. ಎದುರಿನ ಕಾಗದಗಳನ್ನು ಮಗುಚಿ ಒಂದನ್ನು ಎತ್ತಿ ಗಾಜಿಗೆ ಹಿಡಿದರು. ಟೆಕ್ಸಸ್ ನ್ಯಾಯಾಲಯದ ಮೊಹರು, ಕೆಳಗೆ ನನ್ನ ಹೆಂಡತಿಯ ಸಹಿ. ನಾವೇ ಕಳಿಸಿದ ಕಾಗದ. ನಾವೇ ಕಳಿಸಿದ್ದು! ಗಾಜಿನ ಆಚೆ ಅವಳ ಸಹಿ, ಈಚೆ ನಾನು. ನನ್ನ ಹಿಂದೆ ಕುಳಿತಿದ್ದವರೆಲ್ಲ ಕೇಳಿಸಿಕೊಳ್ಳುತ್ತಿದ್ದಾರೆ ಅನ್ನಿಸಿತು. ಕಾಲು ನಡುಗಿ ಕಿಟಕಿಯ ಕಟ್ಟೆ ಹಿಡಿದುಕೊಂಡೆ. ‘ಕ್ಷಮಿಸಿ, ಆಗಿತ್ತು. ವಿಚ್ಛೇದನ ಆಗಿದೆ, ನನಗೆ ಮೊದಲಿನಿಂದ ಗೊತ್ತು. ಇಲ್ಲ ಎನ್ನಬೇಕೆಂದು ಒಬ್ಬರು ಹೇಳಿಕೊಟ್ಟಿದ್ದರು’ ಎಂದೆ. ಅವರು ಏನೂ ಹೇಳಲಿಲ್ಲ. ಬಹಳ ಹೊತ್ತು ಬರೆದರು. ಆ ಕೀಲಿಮಣೆಯ ಸದ್ದು ಇನ್ನೂ ಕಿವಿಯಲ್ಲಿದೆ. ಕೊನೆಗೆ 221(ಜಿ) ಎಂದಿದ್ದ ಹಾಳೆಯೊಂದನ್ನು ಕೊಟ್ಟು, ವಿಚ್ಛೇದನ ಆದೇಶದ ದೃಢೀಕೃತ ಪ್ರತಿ ಕಳಿಸಿ, ಹೆಚ್ಚಿನ ಪರಿಶೀಲನೆ ಬೇಕಾಗಿದೆ ಎಂದು ಪಾಸ್‌ಪೋರ್ಟ್ ಹಿಂದಿರುಗಿಸಿದರು.

ಹೊರಗೆ ಬಂದು ಮೊದಲು ಫೋನು ಮಾಡಿದ್ದು ಅವನಿಗೆ, ಹೆಂಡತಿಗಲ್ಲ. ಅವನ ಮಾತು ಕೇಳಿ: ‘ಮೇಷ್ಟ್ರೇ, ನೀವು ತಡವರಿಸಿದ್ದೀರಿ. ಗಟ್ಟಿಯಾಗಿ ಹೇಳಬೇಕಿತ್ತು.’ ಕಾಗದವನ್ನೇ ತೋರಿಸಿದರು ಎಂದೆ. ‘ಆಗಲೂ ಗೊತ್ತಿಲ್ಲ ಎನ್ನಬೇಕಿತ್ತು. ಒಪ್ಪಿಕೊಂಡದ್ದೇ ತಪ್ಪು.’

ಎರಡು ದಿನ ಬಿಟ್ಟು ಅವನೇ ಕರೆ ಮಾಡಿದ. ನನ್ನ ಪ್ರಕರಣ ಸಂಖ್ಯೆ ಅವನ ಬಳಿ ಇತ್ತು. ‘ಕೆಟ್ಟ ಸುದ್ದಿ. ವೀಸಾ ಸ್ಥಿತಿ ತೋರಿಸುವ ಜಾಲತಾಣದಲ್ಲಿ ತಿರಸ್ಕೃತ ಎಂದು ಬಂದಿದೆ. ಕಡತ ಮುಚ್ಚಿದರು. ಮರಳಿ ತೆರೆಸಲು ₹40,000 ಆಗುತ್ತದೆ, ಈ ವಾರದೊಳಗೆ ಅರ್ಧ ಕಳಿಸಿ.’ ನಾನೂ ನೋಡಿದೆ, ತಿರಸ್ಕೃತ ಎಂದೇ ಇತ್ತು. ಎದೆ ಒಡೆದುಹೋಯಿತು. ₹20,000 ಕಳಿಸಿದೆ. ಹೌದು, ಇಷ್ಟೆಲ್ಲ ಆದ ಮೇಲೂ ಕಳಿಸಿದೆ. ಭಯದಲ್ಲಿ ಇರುವವನಿಗೆ ಹಗ್ಗ ಯಾವುದು ಹಾವು ಯಾವುದು ಕಾಣುವುದಿಲ್ಲ.

ಇದನ್ನು ಎಲ್ಲರೂ ತಿಳಿದುಕೊಳ್ಳಲೇಬೇಕು: 221(ಜಿ) ಹಾಳೆ ಸಿಕ್ಕ ಎಲ್ಲರ ಪ್ರಕರಣವೂ ಆ ಜಾಲತಾಣದಲ್ಲಿ ತಿರಸ್ಕೃತ ಎಂದೇ ಕಾಣಿಸುತ್ತದೆ. ಒಂದು ಕಾಗದ ಬಾಕಿ ಇದ್ದರೂ ಅದೇ ಪದ. ಕೇಳಿದ ಕಾಗದವನ್ನು ಹಾಳೆಯಲ್ಲಿ ಹೇಳಿದ ರೀತಿಯಲ್ಲಿ ಕಳಿಸಿದರೆ ಪರಿಶೀಲನೆ ಮುಂದುವರಿಯುತ್ತದೆ. ‘ಮರಳಿ ತೆರೆಸುವುದು’ ಎಂಬ ಶುಲ್ಕವೇ ಇಲ್ಲ. ನನಗೆ ಇದು ತಿಳಿದದ್ದು ಹೆಂಡತಿಗೆ ಎಲ್ಲವನ್ನೂ ಹೇಳಿದ ಮೇಲೆ, ಅವಳು ಹ್ಯೂಸ್ಟನ್ನಿನ ವಲಸೆ ವಕೀಲರೊಬ್ಬರನ್ನು ಕೇಳಿದ ಮೇಲೆ. ಆ ವಕೀಲರು ಇನ್ನೊಂದನ್ನೂ ಹೇಳಿದರು. ವೀಸಾ ಪಡೆಯಲು ಮುಖ್ಯ ವಿಷಯದಲ್ಲಿ ಸುಳ್ಳು ಹೇಳಿದ್ದಾರೆ ಎಂದು ತೀರ್ಮಾನವಾದರೆ ಜೀವನಪೂರ್ತಿ ಪ್ರವೇಶ ನಿಷೇಧ, ವಿನಾಯಿತಿಗೆ ಬೇರೆ ಅರ್ಜಿ, ಬೇರೆ ವರ್ಷಗಳು. ಅಲ್ಲೇ, ಆ ಕಿಟಕಿಯಲ್ಲೇ ನಾನಾಗಿ ತಿದ್ದಿಕೊಂಡೆನಲ್ಲ, ನನ್ನ ಪರವಾಗಿ ಇರುವುದು ಅದೊಂದೇ. ‘ಒಪ್ಪಿಕೊಂಡದ್ದೇ ತಪ್ಪು’ ಎಂದಿದ್ದ ಆ ಮನುಷ್ಯ!

ಹೆಂಡತಿಗೆ ಹೇಳಿದ ರಾತ್ರಿಯ ಬಗ್ಗೆ ಹೆಚ್ಚು ಬರೆಯಲಾರೆ. ಅವಳು ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, ‘ಹಣದ ಮಾತು ಬಿಡಿ. ನಾನು ನಿಮಗೆ ಮೊದಲ ದಿನ ಹೇಳಿದ ವಿಷಯ ಅದು. ಅದನ್ನೇ ಇಲ್ಲ ಎಂದಿರಾ?’ ಎಂದಳು. ನನ್ನ ಬಳಿ ಉತ್ತರವಿರಲಿಲ್ಲ.

ಹಣ ಹಿಂದಿರುಗಿಸು ಎಂದು ಅವನಿಗೆ ಬರೆದೆ. ಮೊದಲ ಉತ್ತರ: ‘ವೀಸಾ ಕೊಡುವುದು ಬಿಡುವುದು ಅಧಿಕಾರಿಯ ವಿವೇಚನೆ.’ ಎರಡನೆಯದು: ‘ತರಬೇತಿ ಕೊಟ್ಟಾಗಿದೆ, ಸೇವೆ ಮುಗಿದಿದೆ.’ ರಸೀದಿ ಕೇಳಿದ್ದಕ್ಕೆ: ‘ಮೇಷ್ಟ್ರೇ, ಪ್ರಮಾಣ ಮಾಡಿ ಸುಳ್ಳು ಹೇಳಿದವರು ನೀವು, ನಾನಲ್ಲ. ದೂರು ಕೊಟ್ಟರೆ ಯಾರಿಗೆ ತೊಂದರೆ, ಯೋಚಿಸಿ.’ ಈ ಸಾಲನ್ನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ಹೇಳಿಕೊಟ್ಟವನೇ ಬೆದರಿಸುತ್ತಾನೆ. ನಾಚಿಕೆಯಿಂದ ನಾವು ಬಾಯಿ ಮುಚ್ಚಿಕೊಳ್ಳುತ್ತೇವೆ ಎಂಬುದೇ ಅವನ ಬಂಡವಾಳ. ಎರಡು ತಿಂಗಳು ಮುಚ್ಚಿಕೊಂಡೇ ಇದ್ದೆ. ಆಮೇಲೆ ಯುಪಿಐ ದಾಖಲೆ, ಅವನ ಸಂದೇಶ ಎಲ್ಲ ಮುದ್ರಿಸಿಕೊಂಡು ಪೊಲೀಸರಿಗೆ ದೂರು ಕೊಟ್ಟೆ. ಎಲ್ಲ ಹಣವೂ ಅವನ ಸ್ವಂತ ಖಾತೆಗೆ ಹೋಗಿದೆ, ಒಂದಕ್ಕೂ ರಸೀದಿ ಇಲ್ಲ. ನೀವು ಆ ತಪ್ಪನ್ನೂ ಮಾಡಬೇಡಿ.

ತಯಾರಿ ಬೇಕೆಂದರೆ, ಗಂಡ ಹೆಂಡತಿ ಇಬ್ಬರೂ ಕುಳಿತು ಕಳಿಸಿದ ಐ-130, ಡಿಎಸ್-260 ಎರಡನ್ನೂ ಒಮ್ಮೆ ಓದಿಕೊಳ್ಳಿ. ಮೂಲ ದಾಖಲೆಗಳನ್ನು ಸಂದರ್ಶನ ಪತ್ರದಲ್ಲಿ ಹೇಳಿದಂತೆ ಜೋಡಿಸಿಕೊಳ್ಳಿ. ನಿಜವಾಗಿಯೂ ತೊಡಕಿದ್ದರೆ ಅಮೆರಿಕದಲ್ಲಿ ಪರವಾನಗಿ ಇರುವ ವಕೀಲರನ್ನು ಕೇಳಿ, ಅವರ ಪರವಾನಗಿಯನ್ನು ಅಲ್ಲಿನ ರಾಜ್ಯದ ವಕೀಲರ ಸಂಘದ ಜಾಲತಾಣದಲ್ಲಿ ನೀವೇ ನೋಡಬಹುದು. ಅರವತ್ತು ಪ್ರಶ್ನೆಯ ಹಾಳೆ ಕೊಡುವವನನ್ನು ಕೇಳಬೇಡಿ.

ಕಾಗದ ಕಳಿಸಿ ಐದು ತಿಂಗಳಾಯಿತು. ದಿನಾ ಬೆಳಗ್ಗೆ ಶಾಲೆಗೆ ಹೊರಡುವ ಮುನ್ನ ಆ ಜಾಲತಾಣ ತೆರೆದು ನೋಡುತ್ತೇನೆ. ಅದೇ ಪದ.

ಹೋದ ವಾರ ದೂರಿನ ಕೆಲಸಕ್ಕೆ ಬೆಂಗಳೂರಿಗೆ ಹೋದಾಗ ಅವನ ಕಚೇರಿಯ ಮುಂದೆ ಹಾದುಹೋದೆ. ಫಲಕ ಹಾಗೆಯೇ ಇದೆ. ಇಪ್ಪತ್ತೈದರ ಒಬ್ಬ ಹುಡುಗಿ, ಕೈಯಲ್ಲಿ ಕಡತ, ಜೊತೆಯಲ್ಲಿ ಪಂಚೆ ಉಟ್ಟ ತಂದೆ, ಮೆಟ್ಟಿಲು ಹತ್ತುತ್ತಿದ್ದರು. ‘ಅಮ್ಮಾ, ಹೋಗಬೇಡ’ ಎನ್ನಲು ಬಾಯಿ ತೆರೆದೆ. ನೀವು ಯಾರು, ನಿಮಗೇನಾಯಿತು ಎಂದು ಅವರು ಕೇಳಿದರೆ ನಡುರಸ್ತೆಯಲ್ಲಿ ಇದನ್ನೆಲ್ಲ ಹೇಳಬೇಕಾಗುತ್ತಿತ್ತು. ಹೇಳಲಾಗಲಿಲ್ಲ. ಅವರು ಒಳಗೆ ಹೋದರು. ಅಂದು ರಾತ್ರಿಯೇ ಇದನ್ನು ಬರೆಯಲು ಕುಳಿತೆ.